ಪರಿಮಳದ ರಾಜಕುಮಾರಿ

ಚರಿತ್ರೆ ದೀರ್ಘಾಯುಷ್ಯ ಕೊಟ್ಟರೂ ಐತಿಹ್ಯ ಅದನ್ನು ಒಪ್ಪದ ಸ್ತ್ರೀಯರುಂಟು. ಅವರು ತಾರುಣ್ಯದಲ್ಲಿಯೇ ಮಡಿಯಬೇಕೆಂಬುದು ಜನಮನದ ಹಠ. ಚೀನ ದೇಶದ ‘ಷಿಯಾಂಗ್ ಫೇ’, ಎಂದರೆ ಪರಿಮಳದ ರಾಣಿ, ಅಂತಹವಳು.

ಐತಿಹ್ಯ ಹೇಳುವುದಿಷ್ಟು: ಪಶ್ಚಿಮದ ಮರುಭೂಮಿಯಾಚೆಯ ಕಾಷ್ಗರ್ ಸೀಮೆಯ ಈ ಮುಸಲ್ಮಾನ ಚೆಲುವೆಯ ಮೈ ಯಾವ ಲೇಪನವೂ ಇಲ್ಲದೆ ಕಂಪು ಸೂಸುತ್ತಿತ್ತು. ಚಕ್ರವರ್ತಿ ಚಿಯೆನ್‌ಲುಂಗನ ಸೇನೆ ಅವಳನ್ನು ಸೆರೆಹಿಡಿದು ತಂದಿತು. ತೋಳಿನಲ್ಲಿ ಕಠಾರಿಗಳನ್ನು ಅಡಗಿಸಿಕೊಂಡು ಅವಳು ಅವನನ್ನು ದೂರವಿರಿಸಿದಳು. ಮಗನ ಪ್ರಾಣಕ್ಕೆ ಅಂಜಿದ ರಾಜಮಾತೆ, ಅವನಿಲ್ಲದ ವೇಳೆ ನೋಡಿ ಅವಳಿಗೆ ಮರಣವನ್ನು ವಿಧಿಸಿದಳು.

ಚರಿತ್ರೆಯ ಮಾತೇ ಬೇರೆ. ವಿದ್ವಾಂಸರು ಈ ಕಥೆಯ ಮೂಲವೆಂದು ಗುರುತಿಸುವ ರೋಂಗ್ ಫೇ 1760ರಲ್ಲಿ ಅರಮನೆಯನ್ನು ಸೇರಿದಳು, 1765ರ ದಕ್ಷಿಣ ಪ್ರವಾಸದಲ್ಲಿ ಚಕ್ರವರ್ತಿಯ ಜೊತೆಗಿದ್ದಳು, 1788ರಲ್ಲಿ ತೀರಿಕೊಂಡಳು. ಅವಳನ್ನು ಕೊಲ್ಲಿಸಿದಳೆನ್ನುವ ಅತ್ತೆ 1777ರಲ್ಲಿಯೇ ಗತಿಸಿದ್ದಳು! 1979ರಲ್ಲಿ ಸಮಾಧಿಯನ್ನು ತೆರೆದಾಗ ದೊರೆತದ್ದು ನರೆತ ಕೂದಲಿನ ಜಡೆ, ಶವಪೆಟ್ಟಿಗೆಯ ಮೇಲೆ ಕುರಾನಿನ ವಾಕ್ಯಗಳು.

ಹಾಂಗ್‌ಕಾಂಗಿನ ಕಾದಂಬರಿಕಾರ ಜಿನ್ ಯೋಂಗ್ ಆರಿಸಿಕೊಂಡದ್ದು ಐತಿಹ್ಯವನ್ನೇ. 1955ರಲ್ಲಿ ದಿನಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬರತೊಡಗಿದ ಅವನ ಮೊದಲ ಸಾಹಸ ಕಾದಂಬರಿ ‘ಗ್ರಂಥ ಮತ್ತು ಖಡ್ಗ’. ಅದರಲ್ಲಿ ಅವಳು ಕಾಸಿಲಿ. ಜನರ ಬಾಯಲ್ಲಿ ಪರಿಮಳದ ರಾಜಕುಮಾರಿ. ಪರಿಮಳ, ಕಠಾರಿ, ಅರಮನೆಯ ಸೆರೆ ಎಲ್ಲವೂ ಇವೆ. ಆದರೆ ಅವಳನ್ನು ಸಾವಿನತ್ತ ನಡೆಸುವ ಕೈ ಮಾತ್ರ ರಾಜಮಾತೆಯದಲ್ಲ, ಪ್ರಿಯಕರನದು.

ನಾಯಕ ಚೆನ್ ಜಿಯಾಲೊ ಮಂಚು ಆಳ್ವಿಕೆಯನ್ನು ಕಿತ್ತೊಗೆಯಲು ಹೊರಟ ಗುಪ್ತಸಂಘದ ಮುಖಂಡ. ಕಾದಂಬರಿಯಲ್ಲಿ ಚಕ್ರವರ್ತಿ ಅವನ ಒಡಹುಟ್ಟಿದ ಅಣ್ಣನೇ. ಮಂಚುಗಳನ್ನು ಓಡಿಸುತ್ತೇನೆಂದು ಅಣ್ಣ ಮಾತು ಕೊಡುತ್ತಾನೆ. ಬೆಲೆಯಾಗಿ ಕಾಸಿಲಿಯನ್ನು ಬಯಸುತ್ತಾನೆ. ದೇಶದ ಹೆಸರಿನಲ್ಲಿ ತಮ್ಮ ಒಪ್ಪುತ್ತಾನೆ. ತಾನೇ ಅವಳ ಮನವೊಲಿಸುತ್ತಾನೆ. ಅವನ ಮಾತಿಗಾಗಿ ಅವಳು ತಲೆಬಾಗುತ್ತಾಳೆ. ಆದರೆ ಚಕ್ರವರ್ತಿಯದು ವಂಚನೆಯೆಂದು ಅವಳಿಗೆ ತಿಳಿಯುತ್ತದೆ. ಪ್ರಿಯನನ್ನು ಎಚ್ಚರಿಸಲು ಬೇರೆ ದಾರಿ ಕಾಣದೆ ಮಸೀದಿಯಲ್ಲಿ ಆತ್ಮಹತ್ಯೆ ಮಾಡಿಕೊಂಡು, ಅರಸನನ್ನು ನಂಬಬೇಡವೆಂಬ ಮಾತನ್ನು ರಕ್ತದಲ್ಲಿ ಬರೆದಿಡುತ್ತಾಳೆ. ಆತ್ಮಹತ್ಯೆಗೆ ನರಕವೇ ಗತಿಯೆಂಬುದು ಅವಳ ನಂಬಿಕೆ. ತನ್ನನ್ನು ಬಿಟ್ಟುಕೊಟ್ಟವನಿಗಾಗಿ ಅವಳು ಪರಲೋಕವನ್ನೂ ತೆತ್ತಳು.

ಹಳೆಯ ಕಥೆಯಲ್ಲಿ ಅವಳನ್ನು ಕೊಂದದ್ದು ಭಯ. ಹೊಸ ಕಥೆಯಲ್ಲಿ ಕೊಂದದ್ದು ಆದರ್ಶ. ಅದೂ ಸಜ್ಜನನೊಬ್ಬನ ಆದರ್ಶ. ದುಷ್ಟನನ್ನು ಕಂಡು ಓದುಗನು ಸಿಟ್ಟಾಗಬಹುದು, ಸಮಾಧಾನಗೊಳ್ಳಬಹುದು. ಸಜ್ಜನನು ತನ್ನದಲ್ಲದ ಬಾಳನ್ನು ತ್ಯಾಗಮಾಡಿದಾಗ ಯಾರನ್ನು ದೂರುವುದು? ಕತ್ತಿವರಸೆಯ ಕಥೆಯೊಂದು ದುರಂತಕಾವ್ಯದ ಘನತೆಯನ್ನು ಮುಟ್ಟುವುದು ಈ ಪ್ರಶ್ನೆಯಲ್ಲಿ.

ನರೆಗೂದಲಿನ ರೋಂಗ್ ಫೇಯನ್ನು ಯಾರೂ ಹಾಡಲಿಲ್ಲ. ಅವಳು ಬದುಕಿದ್ದೇ ಅವಳ ಅಪರಾಧವೇನೋ!