ಎರೆಮಣ್ಣಿನ ದಾರಿಗೆ ಬೈಕ್ ಇಳಿಸೋ ಮುಂಚೆ

ಮಳೆ ಶುರುವಾದರೆ ಸಾಕು, ಕಲಬುರಗಿಯ ನಮ್ಮ ರೈಡಿಂಗ್ ಗ್ರೂಪಿಗೆ ಹುರುಪು ಬರ್ತದೆ. ಭಾನುವಾರ ಬೆಳಿಗ್ಗೆ ಹುಮನಾಬಾದ್ ರಸ್ತೆ ಹಿಡಿದು, ಕಮಲಾಪುರದಲ್ಲಿ ಚಹಾ ಕುಡಿದು, ಅಲ್ಲಿನ ಹೆಸರಾಂತ ಕೆಂಬಾಳೆ ನಾಲ್ಕು ತಿಂದು ಡಾಂಬರು ಬಿಟ್ಟು ಇಳಿಯೋದು. ಮಜಾ ಇರ್ತದೆ, ಸುಳ್ಳು ಯಾಕೆ ಹೇಳಲಿ.

ಆದರೆ ನಾವು ‘ಟ್ರೇಲ್’ ಅನ್ನೋದು ಊರವರ ಬಂಡಿ ದಾರಿ. ಹೊಲಕ್ಕೆ ಬೀಜ, ಗೊಬ್ಬರ ಹೋಗೋದು, ತೊಗರಿ ಮನೆಗೆ ಬರೋದು ಅದರಲ್ಲೇ. ಹಸಿ ಎರೆಮಣ್ಣಿನಲ್ಲಿ ಹತ್ತು ಬೈಕು, ಎರಡು ಜೀಪು ಓಡಿದರೆ ದಾರಿ ಪೂರಾ ಕೊರಕಲು. ನಾಲ್ಕು ದಿನ ಬಿಸಿಲು ಬಿದ್ದರೆ ಆ ಕೊರಕಲು ಇಟ್ಟಿಗೆಯಂತೆ ಗಟ್ಟಿಯಾಗ್ತದೆ. ಆಮೇಲೆ ಎತ್ತಿನ ಕಾಲು ಉಳುಕಿದರೆ, ಬಂಡಿ ಅಚ್ಚು ಮುರಿದರೆ ನಾವು ಅಲ್ಲಿರೋದಿಲ್ಲ.

ಹೋದ ವರ್ಷ ಒಂದು ಕಡೆ ದಾರಿಗೆ ಜಾಲಿಮುಳ್ಳು ಹಚ್ಚಿದ್ದರು. ನಮ್ಮ ಹುಡುಗರಿಗೆ ಸಿಟ್ಟು. “ಸರ್ಕಾರಿ ದಾರಿ, ಇವರ್ಯಾರು ತಡೀಲಿಕ್ಕೆ?” ಅಲ್ಲಿದ್ದ ಹಿರಿಯರು ಜಗಳ ತೆಗೀಲಿಲ್ಲ. “ನೀವು ವರ್ಷಕ್ಕೊಮ್ಮೆ ಬರ್ತೀರಿ ತಮ್ಮಾ. ನಮ್ಮ ಬಂಡಿ ದಿನಾ ಹೋಗಬೇಕು” ಅಂದರು. ದಾರಿ ಸರ್ಕಾರದ್ದೇ, ಒಪ್ಪೋಣ. ಕೆಟ್ಟರೆ ಮುರುಮ್ ತಂದು ಹಾಕೋರು ಮಾತ್ರ ಅವರೇ.

ಇನ್ನೂ ಮುಂದೆ ಚಿಂಚೋಳಿ ಕಾಡಿಗೆ ನುಗ್ಗೋ ಆಸೆ ಇದ್ದವರಿಗೆ ಮಾತೇ ಬೇರೆ. ಸುಮಾರು 135 ಚದರ ಕಿ.ಮೀ.ನ ಆ ಕಾಡು 2011ರಿಂದ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಂ ಪ್ರಕಾರ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗೋರಿಗೆ ಅಡ್ಡಿಯಿಲ್ಲ, ಅದನ್ನು ಬಿಟ್ಟು ಒಳಗೆ ಇಳಿಯಲು ಪರವಾನಗಿ ಬೇಕು. ಪ್ರವಾಸಕ್ಕೂ ಪರವಾನಗಿ ಕೊಡಲು 28ನೇ ಕಲಂನಲ್ಲಿ ಅವಕಾಶ ಇದೆ, ಅಂದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಗೂಗಲ್ ಮ್ಯಾಪಿನಲ್ಲಿ ಗೆರೆ ಕಾಣ್ತದೆ ಅನ್ನೋದು ಮಾತ್ರ ಪರವಾನಗಿ ಅಲ್ಲ. ಸೈಲೆನ್ಸರ್ ಬದಲಿಸಿದ ಬೈಕಿನ ಸದ್ದಿಗೆ ಅಲ್ಲಿನ ತೋಳ, ಕತ್ತೆಕಿರುಬ ಏನು ಮಾಡಬೇಕು? (ನಮ್ಮ ಓಣಿಯವರೇ ತಡ್ಕೊಳ್ಳೋದಿಲ್ಲ.)

ಆಫ್‌ರೋಡ್ ಪೂರಾ ನಿಲ್ಲಿಸಬೇಕು ಅಂತ ನನ್ನ ವಾದ ಅಲ್ಲ. ಮಳೆ ಬಿದ್ದ ವಾರ ಎರೆಮಣ್ಣಿಗೆ ಇಳಿಯೋದು ಬೇಡ, ನೆಲ ಆರಿದ ಮೇಲೂ ಊರವರನ್ನ ಒಂದು ಮಾತು ಕೇಳೋಣ. ಹಾಗೇ ಜಿಲ್ಲಾಡಳಿತಕ್ಕೆ ಒಂದು ಅರ್ಜಿ ಕೊಡೋಣ. ಶಹಾಬಾದ್, ಚಿತ್ತಾಪುರ ಕಡೆ ಕಲ್ಲು ತೆಗೆದು ಬಿಟ್ಟ ಗಣಿಗಳಲ್ಲಿ ನೀರು ತುಂಬದ ಒಂದು ಜಾಗ ನಮಗೆ ಗೊತ್ತುಮಾಡಿ ಕೊಡಲಿ. ಉಬ್ಬು, ತಗ್ಗು, ಕಲ್ಲು ಎಲ್ಲಾ ಅಲ್ಲೇ ಅದಾವೆ. ಟಿಕೆಟ್ ಇಟ್ಟರೂ ಸರಿ. ಆ ದುಡ್ಡಿನಲ್ಲಿ ಪಂಚಾಯಿತಿಗೆ ಎರಡು ಟ್ರಾಲಿ ಮುರುಮ್ ಆದರೂ ಬರ್ತದೆ.