ಕೆಂಪು ಇಳಿದರೆ ಸಾಲದು



ಈ ತಿಂಗಳು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸುತ್ತಿದ್ದೇನೆ. ನಮ್ಮ ಪಂಚನಹಳ್ಳಿಯ ವೃದ್ಧೆಯೊಬ್ಬರು ಬಲಗಣ್ಣಿನ ದೃಷ್ಟಿ ಕಳೆದುಕೊಂಡರು. ಅದರಲ್ಲಿ ನನ್ನದೊಂದು ಮಾತಿನ ಪಾಲೂ ಇದೆ. ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತು ಅದು. ಆದರೆ ವಿಷಯ ತಿಳಿಯದೆ ಆಡಿದ್ದು. ನಿಮ್ಮ ಮನೆಯಲ್ಲಿ ಯಾರೂ ಅಂಥ ಮಾತು ಆಡದಿರಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಅವರು ನಮ್ಮ ಮದ್ರಸಕ್ಕೆ ಬರುವ ಹುಡುಗಿಯೊಬ್ಬಳ ಅಜ್ಜಿ. ಕೇರಿಯವರೆಲ್ಲ ದಾದಿ ಎಂದೇ ಕರೆಯುತ್ತೇವೆ. ಅರುವತ್ತು ದಾಟಿದ ಜೀವ. ಎರಡು ವರ್ಷದಿಂದ ಅವರ ಕಣ್ಣು ಕೆಂಪಗಿತ್ತು. ಉರಿ, ನೀರು ಸುರಿಯುವುದು, ಮರಳು ಬಿದ್ದಂತೆ ಚುಚ್ಚುವುದು. ನಮ್ಮ ಕಡೆ ತೆಂಗೇ ಬದುಕು. ಒಲೆಗೂ ಅದರ ಸೋಗೆ, ಮಟ್ಟೆ, ಚಿಪ್ಪು. ಹಾಗಾಗಿ ಎಲ್ಲರೂ 'ಒಲೆಯ ಹೊಗೆ' ಎಂದು ತೀರ್ಮಾನಿಸಿದೆವು. ಔಷಧದ ಅಂಗಡಿಯಲ್ಲಿ ಕೇಳಿದರೆ ಒಂದು ಡ್ರಾಪ್ಸ್ ಕೊಡುತ್ತಿದ್ದರು. ಹಾಕಿದ ಎರಡೇ ದಿನದಲ್ಲಿ ಕೆಂಪು ಇಳಿಯುತ್ತಿತ್ತು. ಬಿಟ್ಟರೆ ಮತ್ತೆ ಬರುತ್ತಿತ್ತು. ಅದು ಸ್ಟಿರಾಯ್ಡ್ ಡ್ರಾಪ್ಸ್, ವೈದ್ಯರ ಕಣ್ಗಾವಲಿಲ್ಲದೆ ಬಹುಕಾಲ ಹಾಕಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು ಎಂದು ಯಾರೂ ಹೇಳಿರಲಿಲ್ಲ.

ದಾದಿಗೆ ಬಾಯಿಯಲ್ಲೂ ಹುಣ್ಣು. ವಸಡು ಕೆಂಪಾಗಿ ಸಿಪ್ಪೆ ಏಳುತ್ತಿತ್ತು. ಖಾರ ತಿನ್ನುವುದನ್ನೇ ಬಿಟ್ಟಿದ್ದರು. ಅದಕ್ಕೆ 'ಉಷ್ಣ' ಎಂದು ಹೆಸರಿಟ್ಟು ಮಜ್ಜಿಗೆ ಕುಡಿಸುತ್ತಿದ್ದರು. ಬಾಯಿಯ ಹುಣ್ಣಿಗೂ ಕಣ್ಣಿನ ಕೆಂಪಿಗೂ ಸಂಬಂಧವಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ರೆಪ್ಪೆಗೂದಲು ಒಳಕ್ಕೆ ತಿರುಗಿ ಕಣ್ಣುಗುಡ್ಡೆಗೆ ಉಜ್ಜತೊಡಗಿತು. ಮೊಮ್ಮಗಳು ಚಿಮಟದಿಂದ ಒಂದೊಂದೇ ಕೂದಲು ಕೀಳುತ್ತಿದ್ದಳು.

ರೆಪ್ಪೆಗೂದಲು ಒಳಕ್ಕೆ ತಿರುಗುವುದು ಹಳೆಯ ಕಾಲದಲ್ಲಿ ಅಪರೂಪವಾಗಿರಲಿಲ್ಲ. ಟ್ರಕೋಮಾ ಎಂಬ ಸೋಂಕು ಭಾರತದಲ್ಲಿ ಬಹಳ ಜನರನ್ನು ಹಾಗೆ ಕುರುಡಾಗಿಸಿತ್ತು. ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಅದು ಭಾರತದಲ್ಲಿ ನಿವಾರಣೆಯಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಮಾನ್ಯ ಮಾಡಿತು. ಆದ್ದರಿಂದ ಇಂದು ರೆಪ್ಪೆ ಒಳತಿರುಗಿದರೆ 'ವಯಸ್ಸಾಯಿತು' ಎಂದು ಸುಮ್ಮನಾಗದೆ ಬೇರೆ ಕಾರಣ ಹುಡುಕಬೇಕು.

ಹುಡುಗಿಯ ತಾಯಿ ಒಂದು ದಿನ ಬಂದು, "ಆಪಾ, ನಿಮಗೆ ಇಂಗ್ಲಿಷ್ ಓದಲು ಬರುತ್ತದಲ್ಲ, ಬೆಂಗಳೂರಿಗೆ ನಮ್ಮ ಜೊತೆ ಬನ್ನಿ" ಎಂದರು. ಕಡೂರಿನಿಂದ ರೈಲು ಹತ್ತಿದೆವು. ವೈದ್ಯರು ದಾದಿಯ ಕೆಳರೆಪ್ಪೆಯನ್ನು ಎಳೆದು ತೋರಿಸಿದರು. ಆರೋಗ್ಯವಂತರ ಕಣ್ಣಿನಲ್ಲಿ ರೆಪ್ಪೆಗೂ ಗುಡ್ಡೆಗೂ ನಡುವೆ ಒಂದು ಆಳವಾದ ಜೇಬಿನಂತಹ ಜಾಗವಿರುತ್ತದೆ. ದಾದಿಗೆ ಆ ಜೇಬು ಅರ್ಧ ಹೊಲಿದು ಹೋದಂತಿತ್ತು. ರೆಪ್ಪೆಯಿಂದ ಗುಡ್ಡೆಗೆ ಬಿಳಿ ಪಟ್ಟಿಗಳು ಅಂಟಿಕೊಂಡಿದ್ದವು. ಬಾಯಿಯಿಂದ ಸಾಸಿವೆಯಷ್ಟು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಕಾಯಿಲೆಯ ಹೆಸರು ಮ್ಯೂಕಸ್ ಮೆಂಬ್ರೇನ್ ಪೆಂಫಿಗಾಯ್ಡ್.

ಹೆಸರು ದೊಡ್ಡದು, ಸಂಗತಿ ಸರಳ. ಅಲ್ಲಾಹನು ನಮ್ಮ ದೇಹಕ್ಕೆ ಒಂದು ಕಾವಲು ಪಡೆ ಕೊಟ್ಟಿದ್ದಾನೆ. ರೋಗಾಣು ಬಂದರೆ ಅದು ಹೋರಾಡುತ್ತದೆ. ಕೆಲವೊಮ್ಮೆ ಆ ಕಾವಲುಗಾರನೇ ಮನೆಯವರನ್ನು ಕಳ್ಳರೆಂದು ಭ್ರಮಿಸಿ ಬಡಿಯತೊಡಗುತ್ತಾನೆ. ಇಂಥವನ್ನು ಆಟೋಇಮ್ಯೂನ್ ಕಾಯಿಲೆಗಳು ಎನ್ನುತ್ತಾರೆ. ಇವು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಇವುಗಳಲ್ಲಿ ಹೆಚ್ಚಿನವು ಗಂಡಸರಿಗಿಂತ ಹೆಂಗಸರನ್ನೇ ಹೆಚ್ಚು ಕಾಡುತ್ತವೆ. ಆದ್ದರಿಂದಲೇ ಇದು ನಮ್ಮ ಪತ್ರಿಕೆಯಲ್ಲಿ ಬರಬೇಕಾದ ವಿಷಯ.

ನಮ್ಮ ಚರ್ಮದ ಮೇಲುಪದರ ಗೋಡೆಯ ಗಾರೆಯ ಹಾಗೆ ಕೆಳಪದರಕ್ಕೆ ಅಂಟಿಕೊಂಡಿದೆ. ಮೇಲುಪದರದೊಳಗಿನ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟನ್ನು ಕಾವಲು ಪಡೆ ಕಿತ್ತರೆ ಅದು ಪೆಂಫಿಗಸ್. ಬಾಯಿಯಲ್ಲಿ ಮಾಯದ ಹುಣ್ಣು, ಮೈಮೇಲೆ ನೀರುಗುಳ್ಳೆ ಏಳುತ್ತವೆ. ಹಳ್ಳಿಯಲ್ಲಿ ಅದನ್ನು ಸರ್ಪಸುತ್ತು ಎಂದು ತಿಳಿದು ಕೆಮ್ಮಣ್ಣು ಬಳಿಯುವುದುಂಟು. ಅದರ ಗಾಯ ಮೇಲುಮೇಲಿನದು. ಮಾಯ್ದರೆ ಸಾಮಾನ್ಯವಾಗಿ ಕಪ್ಪು ಕಲೆಯಷ್ಟೇ ಉಳಿಯುತ್ತದೆ. ದಾದಿಯ ಕಾಯಿಲೆಯಲ್ಲಿ ಮೇಲುಪದರವನ್ನು ಕೆಳಪದರಕ್ಕೆ ಹಿಡಿದಿಡುವ ಅಂಟೇ ಕಿತ್ತುಹೋಗುತ್ತದೆ. ಗಾಯ ಆಳಕ್ಕಿಳಿಯುತ್ತದೆ. ಮಾಯುವಾಗ ಅಲ್ಲಿ ನಾರುಗಟ್ಟುತ್ತದೆ. ಇದನ್ನು ವೈದ್ಯರು ಫೈಬ್ರೋಸಿಸ್ ಎನ್ನುತ್ತಾರೆ.

ದಾದಿಗೆ ಡ್ಯಾಪ್ಸೋನ್ ಎಂಬ ಮಾತ್ರೆ ಬರೆದರು. ಅದಕ್ಕೆ ಮೊದಲು ಜಿ6ಪಿಡಿ ಎಂಬ ರಕ್ತಪರೀಕ್ಷೆ ಮಾಡಿಸಿದರು. ಆ ಅಂಶ ಕಡಿಮೆ ಇರುವವರಲ್ಲಿ ಈ ಮಾತ್ರೆಯಿಂದ ರಕ್ತಕಣಗಳು ಒಡೆಯುತ್ತವೆ. ಊರಿಗೆ ಬಂದ ಮೇಲೆ ಬೇರೊಂದು ತೊಂದರೆ. ಅದು ಕುಷ್ಠರೋಗಕ್ಕೂ ಕೊಡುವ ಮಾತ್ರೆ ಎಂದು ಯಾರೋ ಹೇಳಿದರು. ಮಾರನೆಯ ದಿನ ದಾದಿಯ ತಟ್ಟೆ ಲೋಟ ಬೇರೆಯಾಯಿತು. ನಾನು ಹೋಗಿ ಅವರ ತಟ್ಟೆಯಲ್ಲೇ ಕೂತು ಉಂಡೆ. ಸಹೋದರಿಯರೇ, ಒಂದೇ ಮಾತ್ರೆ ಹಲವು ರೋಗಗಳಿಗೆ ಬಳಕೆಯಾಗುತ್ತದೆ. ಕುಷ್ಠವೇ ಆಗಿದ್ದರೂ ಚಿಕಿತ್ಸೆಯಲ್ಲಿರುವವರ ತಟ್ಟೆ ಬೇರೆ ಮಾಡಬೇಕಿಲ್ಲ.

ಎರಡು ತಿಂಗಳಲ್ಲಿ ಕಣ್ಣು ಬಿಳಿಯಾಯಿತು. ನೋವಿಲ್ಲ, ಉರಿಯಿಲ್ಲ. ಅಷ್ಟರಲ್ಲಿ ರಮಝಾನ್ ಬಂತು. ದಾದಿ ಕೇಳಿದರು, "ಬೇಟಿ, ಈಗ ಆರಾಮಾಗಿದ್ದೀನಿ. ರೋಝಾ ಇಡಬೇಕು. ಈ ಮಾತ್ರೆ, ಡ್ರಾಪ್ಸ್ ಎಲ್ಲ ನಿಲ್ಲಿಸಲಾ?" ನಾನು ಅವರ ಕಣ್ಣು ನೋಡಿದೆ. ಕೆಂಪು ಇರಲಿಲ್ಲ. "ಅಲ್‌ಹಮ್ದುಲಿಲ್ಲಾಹ್, ವಾಸಿಯಾಯಿತಲ್ಲ ದಾದಿ, ನಿಲ್ಲಿಸಿ" ಎಂದುಬಿಟ್ಟೆ. ವೈದ್ಯರನ್ನು ಕೇಳಬೇಕೆಂದು ತೋಚಲೇ ಇಲ್ಲ. ಈದ್ ಕಳೆದರೂ ಅವರು ಮಾತ್ರೆ ಮುಟ್ಟಲಿಲ್ಲ. ನಾನೂ ವಿಚಾರಿಸಲಿಲ್ಲ.

ಏಳು ತಿಂಗಳ ನಂತರ ಮತ್ತೆ ಬೆಂಗಳೂರಿಗೆ ಹೋದಾಗ ಬಲಗಣ್ಣಿನ ರೆಪ್ಪೆ ಗುಡ್ಡೆಗೆ ಪೂರ್ತಿ ಅಂಟಿತ್ತು. ಕಪ್ಪುಗುಡ್ಡೆಯ ಮೇಲೆ ಬಿಳಿ ಪೊರೆ ಹರಡಿತ್ತು. ಆ ಏಳು ತಿಂಗಳಲ್ಲಿ ಕಣ್ಣು ಹೇಳಿಕೊಳ್ಳುವಷ್ಟು ಕೆಂಪಾಗಿರಲೇ ಇಲ್ಲ. "ಅಮ್ಮಾ, ಕೆಂಪು ಹೋಯಿತೆಂದರೆ ಕಾಯಿಲೆ ಹೋಯಿತೆಂದಲ್ಲ" ಎಂದರು ವೈದ್ಯರು. ಅವರು ದಾದಿಗೆ ಹೇಳಿದ ಮಾತು ನೇರವಾಗಿ ನನ್ನ ಎದೆಗೆ ಬಂದು ನಾಟಿತು.

ಏನಾಗಿತ್ತು? ಗಾಯವಾದಾಗ ದೇಹದಲ್ಲಿ ಎರಡು ಕೆಲಸ ನಡೆಯುತ್ತವೆ. ಒಂದು ಉರಿಯೂತ. ಅದರಿಂದ ಕೆಂಪು, ಬಾವು, ನೋವು. ಇನ್ನೊಂದು ರಿಪೇರಿ. ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳು ಬಂದು ಕೊಲಾಜನ್ ಎಂಬ ನಾರಿನಿಂದ ಹರಿದದ್ದನ್ನು ಹೊಲಿಯುತ್ತವೆ. ಸೀರೆಗೆ ರಫ್ಫು ಮಾಡುವುದು ನಿಮಗೆ ಗೊತ್ತು. ತೂತು ಮುಚ್ಚಿದ ಮೇಲೂ ದಾರ ಎಳೆಯುತ್ತಲೇ ಇದ್ದರೆ ಬಟ್ಟೆ ಸುಕ್ಕುಗಟ್ಟಿ ಮುದುಡುತ್ತದೆ. ಈ ಕಾಯಿಲೆಯಲ್ಲಿ ಹೊಲಿಯುವವನಿಗೆ ನಿಲ್ಲಿಸುವುದೇ ಮರೆತುಹೋಗುತ್ತದೆ. ಬೆಂಕಿ ಆರಿದಂತೆ ಕಂಡರೂ ಬೂದಿ ಮುಚ್ಚಿದ ಕೆಂಡ ಒಳಗಿರುತ್ತದೆ.

ಇದು ನಿಜವೆಂದು ಪ್ರಯೋಗಶಾಲೆಯಲ್ಲೂ ಕಂಡಿದೆ. ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆಯ ಡಾ. ಜಾನ್ ಡಾರ್ಟ್ ಮತ್ತು ಸಂಗಡಿಗರು ಇದೇ ಕಾಯಿಲೆಯ ರೋಗಿಗಳ ಕಣ್ಣಿನಿಂದ ಫೈಬ್ರೊಬ್ಲಾಸ್ಟ್‌ಗಳನ್ನು ತೆಗೆದು ಗಾಜಿನ ಪಾತ್ರೆಯಲ್ಲಿ ಬೆಳೆಸಿದರು. ದೇಹದಿಂದ ಹೊರಗೆ, ಉರಿಯೂತವೇ ಇಲ್ಲದ ಕಡೆಯಲ್ಲೂ ಅವು ನಾರುಗಟ್ಟಿಸುವ ಸ್ವಭಾವವನ್ನು ಬಿಡಲಿಲ್ಲ. 2016ರಲ್ಲಿ ಅವರು ಪ್ರಕಟಿಸಿದ ಸಂಶೋಧನೆಯಲ್ಲಿ ಇದರ ಹಿಂದೆ ಆಲ್ಡಿಹೈಡ್ ಡಿಹೈಡ್ರೋಜಿನೇಸ್ ಎಂಬ ಕಿಣ್ವದ ಕೈವಾಡ ಕಂಡುಬಂತು. ಅದನ್ನು ತಡೆಯಲು ಅವರು ಬಳಸಿದ್ದು ಡೈಸಲ್ಫಿರಾಮ್. ಕುಡುಕರ ಚಟ ಬಿಡಿಸಲು ದಶಕಗಳಿಂದ ಕೊಡುತ್ತಿರುವ ಹಳೆಯ ಔಷಧ! ಅದರಿಂದ ಇಲಿಗಳ ಕಣ್ಣಿನಲ್ಲಿ ನಾರುಗಟ್ಟುವುದು ತಗ್ಗಿತು. ರೋಗಿಗಳಿಂದ ತೆಗೆದ ಜೀವಕೋಶಗಳೂ ಸಹಜ ಸ್ಥಿತಿಯತ್ತ ಮರಳಿದವು. ಇದು ಪ್ರಯೋಗಶಾಲೆಯ ಫಲ. ಇದನ್ನು ಓದಿ ಯಾರೂ ಆ ಮಾತ್ರೆ ತಂದು ನುಂಗಬೇಡಿ. ಆದರೆ ಉರಿಯೂತ ಬೇರೆ, ನಾರುಗಟ್ಟುವುದು ಬೇರೆ, ಎರಡಕ್ಕೂ ಮದ್ದು ಬೇಕು ಎಂಬ ತಿಳುವಳಿಕೆ ಅದರಿಂದ ಗಟ್ಟಿಯಾಯಿತು.

ನಮ್ಮ ಬೆಂಗಳೂರಿನಲ್ಲೂ ಇಂಥ ಕೆಲಸ ನಡೆಯುತ್ತಿದೆ. 1982ರಲ್ಲಿ ಡಾ. ಭುಜಂಗ ಶೆಟ್ಟಿ ಆರಂಭಿಸಿದ ನಾರಾಯಣ ನೇತ್ರಾಲಯದ ಸಂಶೋಧನಾ ವಿಭಾಗದಲ್ಲಿ ಕಣ್ಣೀರನ್ನೇ ಪರೀಕ್ಷಿಸಿ ಅದರಲ್ಲಿರುವ ಉರಿಯೂತದ ಅಂಶಗಳನ್ನು ಅಳೆಯುತ್ತಾರೆ. ಕೆಳರೆಪ್ಪೆಯಲ್ಲಿ ಒಂದು ಸಣ್ಣ ಕಾಗದದ ಪಟ್ಟಿ ಇಟ್ಟರೆ ಅದು ಕಣ್ಣೀರು ಹೀರುತ್ತದೆ. ಕಣ್ಣಿಗೆ ಕಾಣದ ಉರಿಯನ್ನು ಕಣ್ಣೀರು ಹೇಳಿಕೊಡುತ್ತದೆ.

ಪೆಂಫಿಗಸ್ ವಿಷಯದಲ್ಲಿ ಭಾರತೀಯ ವೈದ್ಯರೇ ದಾರಿ ತೋರಿದವರು. ಹಿಂದೆ ಅದು ಹೆಚ್ಚಿನವರ ಪ್ರಾಣ ತೆಗೆಯುತ್ತಿದ್ದ ಕಾಯಿಲೆ. ದಿಲ್ಲಿಯ ಏಮ್ಸ್ ಆಸ್ಪತ್ರೆಯ ಡಾ. ಜೆ.ಎಸ್. ಪಸ್ರಿಚಾ 1980ರ ದಶಕದಲ್ಲಿ, 28 ದಿನಕ್ಕೊಮ್ಮೆ ಸತತ ಮೂರು ದಿನ ರಕ್ತನಾಳದ ಮೂಲಕ ಔಷಧ ಕೊಡುವ ಕ್ರಮವನ್ನು ರೂಪಿಸಿದರು. ಮೈ ಪೂರ್ತಿ ವಾಸಿಯಾದ ಮೇಲೂ ತಿಂಗಳುಗಟ್ಟಲೆ ಔಷಧ ಮುಂದುವರಿಸುವುದೇ ಆ ಕ್ರಮದ ಮುಖ್ಯ ನಿಯಮ. ನಾನು ದಾದಿಗೆ ಹೇಳಿದ್ದು ಅದಕ್ಕೆ ನೇರ ವಿರುದ್ಧ.

ನಾರುಗಟ್ಟುವ ಇನ್ನೊಂದು ಕಾಯಿಲೆ ಸ್ಕ್ಲೀರೊಡರ್ಮಾ. ತಣ್ಣೀರು ಮುಟ್ಟಿದರೆ ಬೆರಳ ತುದಿ ಬಿಳಿಚಿ ನೀಲಿಗಟ್ಟುತ್ತದೆ. ಬರಬರುತ್ತಾ ಚರ್ಮ ಬಿಗಿದು ಉಂಗುರ ಸೇರುವುದಿಲ್ಲ, ಬಾಯಿ ಪೂರ್ತಿ ತೆರೆಯುವುದಿಲ್ಲ. ನಾರು ಶ್ವಾಸಕೋಶದಲ್ಲೂ ಕಟ್ಟಬಹುದು. ಚಳಿಗಾಲದಲ್ಲಿ ಫಜ್ರ್‌ನ ವುಝೂ ಮಾಡುವಾಗ ಬೆರಳು ಹೀಗೆ ಬಣ್ಣ ಬದಲಿಸಿದರೆ ಅದನ್ನು ಚಳಿಯ ಲೆಕ್ಕಕ್ಕೆ ಬಿಡದೆ ಒಮ್ಮೆ ತೋರಿಸಿ.

ಇನ್ನು ರೋಝಾದ ವಿಷಯ. ಮದ್ರಸದಲ್ಲಿ ಕಲಿತ ನಾನು ಇದನ್ನು ಮೊದಲೇ ನೆನೆಯಬೇಕಿತ್ತು. ರೋಗಿಗಳು ಬೇರೆ ದಿನಗಳಲ್ಲಿ ಉಪವಾಸ ಪೂರೈಸಬಹುದೆಂದು ಪವಿತ್ರ ಕುರ್‌ಆನ್ ಅನುಮತಿ ಕೊಟ್ಟಿದೆ. ವಾಸಿಯಾಗುವ ನಿರೀಕ್ಷೆಯಿಲ್ಲದವರಿಗೆ ಫಿದ್ಯಾ ಇದೆ. ಕಣ್ಣಿಗೆ ಡ್ರಾಪ್ಸ್ ಹಾಕಿದರೆ ಉಪವಾಸ ಮುರಿಯುವುದಿಲ್ಲ ಎಂಬುದು ಹನಫಿ ಮತ್ತು ಶಾಫಿಈ ವಿದ್ವಾಂಸರ ಅಭಿಪ್ರಾಯ. 1997ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯೂ ಅದನ್ನೇ ಹೇಳಿದೆ. ಮಾತ್ರೆಯನ್ನು ಸಹರಿ, ಇಫ್ತಾರ್‌ಗೆ ಹೊಂದಿಸಬಹುದೇ ಎಂದು ಶಅಬಾನ್ ತಿಂಗಳಲ್ಲೇ ವೈದ್ಯರನ್ನು ಕೇಳಿಕೊಳ್ಳಿ. ನಿಲ್ಲಿಸುವ ತೀರ್ಮಾನ ನಿಮ್ಮದಲ್ಲ, ಉಸ್ತಾದರದ್ದಲ್ಲ, ನನ್ನಂಥ ಆಪಾಳದ್ದಂತೂ ಖಂಡಿತ ಅಲ್ಲ.

ಹಿಜಾಬ್‌ನ ಕಾರಣಕ್ಕೆ ಮೈಮೇಲಿನ ಗುಳ್ಳೆಗಳನ್ನು ಬಚ್ಚಿಡುವ ಹೆಂಗಸರಿದ್ದಾರೆ. ಅಗತ್ಯವಿದ್ದಾಗ ಅಗತ್ಯವಿರುವಷ್ಟನ್ನು ವೈದ್ಯರಿಗೆ ತೋರಿಸಲು ಶರೀಅತ್‌ನಲ್ಲಿ ಅವಕಾಶವಿದೆ. ವೈದ್ಯೆ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಕಾಯಬೇಡಿ.

ಈ ಗುರುತುಗಳನ್ನು ನೆನಪಿಡಿ. ಕೆಲವು ವಾರ ಕಳೆದರೂ ಹೋಗದ ಅಥವಾ ಹೋಗಿ ಮತ್ತೆ ಬರುವ ಕಣ್ಣಿನ ಕೆಂಪು. ಅದರ ಜೊತೆಗೆ ಬಾಯಿಹುಣ್ಣು, ಸಿಪ್ಪೆ ಏಳುವ ವಸಡು. ಒಳತಿರುಗುವ ರೆಪ್ಪೆಗೂದಲು. ಕನ್ನಡಿಯ ಮುಂದೆ ಕೆಳರೆಪ್ಪೆ ಎಳೆದಾಗ ಗುಡ್ಡೆಗೆ ಅಂಟಿದ ಪಟ್ಟಿ. ಇವುಗಳಲ್ಲಿ ಯಾವುದು ಕಂಡರೂ ಕಣ್ಣಿನ ವೈದ್ಯರಿಗೆ ತೋರಿಸಿ. ಬಾಯಿಯ, ಚರ್ಮದ ತೊಂದರೆಯನ್ನೂ ಅವರಿಗೆ ಹೇಳಿ. ಹಾಸನ, ಶಿವಮೊಗ್ಗದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಕಣ್ಣಿನ ಮತ್ತು ಚರ್ಮದ ವಿಭಾಗಗಳೆರಡೂ ಇವೆ. ಬೆಂಗಳೂರಿನಲ್ಲಿ ಅರಸರ ಕಾಲದ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆಯಿದೆ. ಇಂಥ ಕಣ್ಣಿರುವವರನ್ನು ಪೊರೆ ಆಪರೇಷನ್ನಿನ ಶಿಬಿರಕ್ಕೆ ಕರೆದೊಯ್ದರೆ ಕಾಯಿಲೆಯ ವಿಷಯ ಮೊದಲೇ ತಿಳಿಸಿ. ಕಾಯಿಲೆ ಹತೋಟಿಗೆ ಬರುವ ಮುನ್ನ ಕತ್ತರಿ ತಾಗಿದರೆ ನಾರುಗಟ್ಟುವುದು ಇನ್ನೂ ಹೆಚ್ಚಬಹುದು.

ದಾದಿಗೆ ಈಗ ಇನ್ನೂ ಬಲವಾದ ಮಾತ್ರೆಗಳು ನಡೆಯುತ್ತಿವೆ. ಎಡಗಣ್ಣು ಉಳಿದಿದೆ. ಆ ಕಣ್ಣಿನಿಂದಲೇ ದಪ್ಪ ಅಕ್ಷರದ ಕುರ್‌ಆನ್ ಓದುತ್ತಾರೆ. ನಾನು ಕ್ಷಮೆ ಕೇಳಿದಾಗ ಅವರು ನನ್ನ ತಲೆ ಸವರಿ, "ತಕ್ದೀರ್ ಬೇಟಿ" ಎಂದರು. ಅದು ಅವರ ದೊಡ್ಡತನ. ಆದರೆ ನಾನು ತಕ್ದೀರ್‌ನ ಮರೆಯಲ್ಲಿ ಅಡಗಿಕೊಳ್ಳಲಾರೆ. ಅಲ್ಲಾಹನು ಯಾವ ರೋಗವನ್ನೂ ಮದ್ದಿಲ್ಲದೆ ಇಳಿಸಿಲ್ಲವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮದ್ದನ್ನು ಹುಡುಕುವುದು, ಹುಡುಕಿದ ಮೇಲೆ ಕೊನೆಯವರೆಗೆ ಸೇವಿಸುವುದು ನಮ್ಮ ಪಾಲಿನ ಹೊಣೆ. ಅಯ್ಯೂಬ್(ಅ)ರ ಸಹನೆಯನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಅವರು ತಮ್ಮ ಪ್ರಭುವನ್ನು ಕರೆದು ಕಷ್ಟ ಹೇಳಿಕೊಂಡರು, ಕಾಲಿನಿಂದ ನೆಲ ಒದೆಯಬೇಕೆಂಬ ಆಜ್ಞೆಯನ್ನು ಪಾಲಿಸಿದರು, ಆಗ ನೀರು ಚಿಮ್ಮಿತು ಎಂಬುದನ್ನೂ ಕಲಿಸೋಣ.

ನಿಮ್ಮ ಮನೆಯ ಹಿರಿಯರ ಕಣ್ಣನ್ನು ಇಂದು ಸಂಜೆ ಒಮ್ಮೆ ಬೆಳಕಿನಲ್ಲಿ ನೋಡಿ. ರೋಗಿಗಳಿಗೆಲ್ಲ ಅಲ್ಲಾಹನು ಪೂರ್ಣ ಶಿಫಾ ಕರುಣಿಸಲಿ. ನನ್ನ ತಪ್ಪನ್ನು ಮನ್ನಿಸಲಿ. ಆಮೀನ್.