ಚಾಂಪ್ಲೇನ್‌ಗೆ ಹೊರಡುವ ಮುನ್ನ
ಅಮೆರಿಕದ ವರ್ಮಾಂಟ್, ನ್ಯೂಯಾರ್ಕ್ ರಾಜ್ಯಗಳ ನಡುವೆ ಚಾಚಿಕೊಂಡು ಕೆನಡಾದ ಕ್ವಿಬೆಕ್ ಮುಟ್ಟುವ ಚಾಂಪ್ಲೇನ್ ಸರೋವರದ ಉದ್ದ ಸುಮಾರು 190 ಕಿಲೋಮೀಟರ್. ಅಲ್ಲಿ ಬಾಸ್, ಪೈಕ್ ಮೀನಿಗೆ ಗಾಳ ಹಾಕಲು ಹೊರಟವರು ಮೊದಲು ನಕ್ಷೆ ಹರಡಿಕೊಂಡು ಒಂದೆರಡು ಕೊಲ್ಲಿಗಳನ್ನು ಗೊತ್ತುಮಾಡಿಕೊಳ್ಳಬೇಕು; ಎಲ್ಲ ಕಡೆ ನೋಡಿಬಿಡೋಣ ಎಂದರೆ ದಿನವಿಡೀ ದೋಣಿ ಓಡಿಸಿದ್ದೇ ಆಗುತ್ತದೆ. ಪೈಕ್ ಬೇಕೆಂದರೆ ಆಳ ಕಡಿಮೆಯಿದ್ದು ಕಳೆ ಬೆಳೆದ ನೀರು ಹುಡುಕಿ. ಉತ್ತರದ ಮಿಸ್ಸಿಸ್ಕೊಯಿ ಕೊಲ್ಲಿ ಅಂಥದ್ದು. ಕಳೆಯ ಅಂಚಿನಲ್ಲಿ ಅಲುಗಾಡದೆ ನಿಂತಿರುವ ಪೈಕ್, ಸಣ್ಣ ಮೀನು ಹತ್ತಿರ ಸುಳಿದೊಡನೆ ಬಾಣದಂತೆ ನುಗ್ಗುತ್ತದೆ. ಅದರ ಬಾಯಿ ತುಂಬ ಚೂಪು ಹಲ್ಲು, ನೈಲಾನ್ ದಾರವನ್ನು ಕಚಕ್ಕನೆ ಕತ್ತರಿಸುತ್ತದೆ. ಹಾಗಾಗಿ ಗಾಳಕ್ಕೂ ದಾರಕ್ಕೂ ನಡುವೆ ಗೇಣುದ್ದದ ಉಕ್ಕಿನ ತಂತಿ, ಕೊಕ್ಕೆ ಬಿಡಿಸಲು ಉದ್ದ ಮೂತಿಯ ಇಕ್ಕಳ ಇರಲೇಬೇಕು. ಸ್ಮಾಲ್‌ಮೌತ್ ಬಾಸ್‌ಗೆ ಕಲ್ಲಿನ ತಳವೇ ಇಷ್ಟ. ನೀರು ಸುಮಾರು 15 ಡಿಗ್ರಿಗೆ ಬೆಚ್ಚಗಾದಾಗ ಗಂಡು ಮೀನು ಬಾಲದಿಂದ ಜಲ್ಲಿ ಗುಡಿಸಿ ತಗ್ಗು ಮಾಡಿ, ಮೊಟ್ಟೆಗಳಿಗೆ ಕಾವಲು ನಿಲ್ಲುತ್ತದೆ. ಆಗ ಅದನ್ನು ನೀರಿನಿಂದೆತ್ತಿದರೆ ಹೊಂಚುಹಾಕಿದ ಇತರ ಮೀನುಗಳು ಮೊಟ್ಟೆಗಳನ್ನು ನುಂಗಿಹಾಕುತ್ತವೆ. ನನ್ನನ್ನು ಕೇಳಿದರೆ, ಮರಿಗಳು ಚದುರಿದ ಮೇಲೆ, ಜುಲೈ ಹೊತ್ತಿಗೆ ಹೋಗುವುದೇ ಸರಿ. ಪರವಾನಗಿಯ ವಿಷಯದಲ್ಲೂ ಎಚ್ಚರ: ಒಂದು ರಾಜ್ಯದ್ದು ಸರೋವರದ ಎಲ್ಲ ಭಾಗಕ್ಕೂ ನಡೆಯುವುದಿಲ್ಲ. ಇನ್ನು ಗಾಳಿ. ಸರೋವರ ಉತ್ತರ–ದಕ್ಷಿಣವಾಗಿ ಮಲಗಿರುವುದರಿಂದ ದಕ್ಷಿಣದ ಗಾಳಿ ಎದ್ದರೆ ಅಲೆಗಳು ಬಹುದೂರ ಬೆಳೆಯುತ್ತ ಬರುತ್ತವೆ. ಸಣ್ಣ ದೋಣಿಯವರು ಆ ದಿನ ನಡುನೀರಿಗೆ ಇಳಿಯಬಾರದು.